ಗುರಾಣಿಯನ್ನು ಕಾಯುವ ಕೆಲಸ

ಸೆಪ್ಟೆಂಬರ್ ಕೊನೆಯ ವಾರ, ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ, ಗೋಡೆಯಿಂದ ಗುರಾಣಿಯನ್ನು ಇಳಿಸಿದೆ. ಒರೆಸಿ ಮತ್ತೆ ಏರಿಸಿದರಾಯಿತು ಎಂದುಕೊಂಡಿದ್ದವನಿಗೆ ಕಿಟಕಿಯ ಬೆಳಕಿನಲ್ಲಿ ಕಂಡದ್ದೇ ಬೇರೆ. ಹೊರಗಿನ ಕೆಂಪು ಬಳೆಯ ಕೆಳಭಾಗದಲ್ಲಿ, ಅಂಚಿನಿಂದ ಒಳಕ್ಕೆ, ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಗಳು ಹೊರಟಿದ್ದವು. ಒದ್ದೆ ಮಣ್ಣಿನ ಮೇಲೆ ಎರೆಹುಳು ಹರಿದುಹೋದ ಜಾಡಿನಂತೆ ಡೊಂಕು ಡೊಂಕು. ಉಗುರು ಆಡಿಸಿದರೆ ಮೇಲ್ಮೈ ನುಣುಪಾಗಿಯೇ ಇತ್ತು. ಗೆರೆಗಳಿದ್ದದ್ದು ಬಣ್ಣದ ಕೆಳಗೆ. ಎಣಿಸಿದೆ: ಹನ್ನೊಂದು. ಎಲ್ಲಕ್ಕಿಂತ ಉದ್ದನೆಯದು ನಾಲ್ಕು ಸೆಂಟಿಮೀಟರ್.

ಇದು ಕಾಮಿಕ್ಸ್ ವೀರ ಕ್ಯಾಪ್ಟನ್ ಅಮೆರಿಕಾನ ಗುರಾಣಿಯ ಪ್ರತಿಕೃತಿ. ಪ್ಲಾಸ್ಟಿಕ್ಕಿನದಲ್ಲ, 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡನ್ನು ಬಾಣಲೆಯಂತೆ ಉಬ್ಬಿಸಿ ಮಾಡಿದ್ದು. ಅಡ್ಡಳತೆ 61 ಸೆಂಟಿಮೀಟರ್, ಅಂದರೆ 24 ಅಂಗುಲ. ನಡುವಿನ ಉಬ್ಬು 9 ಸೆಂಟಿಮೀಟರ್. ಬರಿಯ ತಗಡು ಲೆಕ್ಕದ ಪ್ರಕಾರ 1.7 ಕಿಲೋ ತೂಗಬೇಕು. ಹಿಂದಿನ ಹಿಡಿಕೆ, ಪಟ್ಟಿ, ಬೋಲ್ಟುಗಳೆಲ್ಲ ಸೇರಿ ನನ್ನದು 2.2 ಕಿಲೋ ಇದೆ. ಲೋಹವನ್ನು ಸುತ್ತಲೂ ಉಜ್ಜಿ ಮೂಡಿಸಿದ ಸಣ್ಣ ಗೀರುಗಳು ಕಾಣುವ ಹಾಗೆ ಮೇಲೆ ಪಾರದರ್ಶಕ ಕೆಂಪು, ನೀಲಿ ಬಣ್ಣ ಹಾಕಿದ್ದಾರೆ. ನಡುವಿನ ಬೆಳ್ಳಿ ಬಳೆ ಮತ್ತು ನಕ್ಷತ್ರಕ್ಕೆ ಬರಿಯ ಕ್ಲಿಯರ್ ಕೋಟ್, ಎಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ. ಬೆಳಕು ಬಿದ್ದಾಗ ಹಳೆಯ ಗ್ರಾಮಫೋನ್ ತಟ್ಟೆಯಂತೆ ಹೊಳಪು ತಿರುಗುತ್ತದೆ. ಆ ಹೊಳಪಿಗೆ ಮರುಳಾಗಿಯೇ ಮೂರು ವರ್ಷದ ಹಿಂದೆ ಕೊಂಡಿದ್ದೆ. ನನ್ನ ವಯಸ್ಸನ್ನು ಯಾರೂ ಕೇಳಬೇಡಿ.

ಮನೆ ಇರುವುದು ಸುರತ್ಕಲ್‌ನಲ್ಲಿ. ಸಮುದ್ರಕ್ಕೆ ನಡೆದುಕೊಂಡು ಹೋಗಬಹುದು. ಎಂದರೆ ಸಮುದ್ರವೂ ನಡೆದುಕೊಂಡು ಮನೆಗೆ ಬರುತ್ತದೆ. ಬೈಕಿನ ಚೈನು, ಬೀಗದ ಕೈ, ಗೇಟಿನ ತಿರುಗಣಿ ಎಲ್ಲದರ ಮೇಲೂ ಅದರ ಉಪ್ಪು. ಗುರಾಣಿ ಅಲ್ಯೂಮಿನಿಯಂ ತಾನೇ, ತುಕ್ಕು ಹಿಡಿಯುವುದಿಲ್ಲ ಎಂಬುದು ನನ್ನ ಧೈರ್ಯವಾಗಿತ್ತು. ಕಬ್ಬಿಣದ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಬಣ್ಣ ಬಳಿದ ಅಲ್ಯೂಮಿನಿಯಂಗೆ ಬೇರೊಂದು ಕಾಯಿಲೆ ಇದೆ, ಫಿಲಿಫಾರ್ಮ್ ಕರೋಷನ್ ಎಂದು ಅದರ ಹೆಸರು. ನಾನು ನೂಲುತುಕ್ಕು ಎನ್ನುತ್ತೇನೆ. ಬಣ್ಣದಲ್ಲಿ ಎಲ್ಲೋ ಒಂದು ಕಡೆ ಚಕ್ಕೆ ಎದ್ದು ಲೋಹ ಕಾಣಬೇಕು, ಅಲ್ಲಿಗೆ ಉಪ್ಪು ಸೇರಬೇಕು, ಗಾಳಿಯ ತೇವಾಂಶ ಶೇಕಡಾ 65ರಿಂದ 95ರ ನಡುವೆ ಇರಬೇಕು. ಆಗ ಒಂದು ಹನಿ ಉಪ್ಪುನೀರು ಬಣ್ಣದ ಅಡಿಗೆ ನುಸುಳಿ ಮುಂದೆ ಮುಂದೆ ತೆವಳುತ್ತದೆ. ತಲೆಯ ಕಡೆ ಲೋಹವನ್ನು ತಿನ್ನುತ್ತ, ಬಾಲದ ಕಡೆ ಬಿಳಿ ಹುಡಿಯನ್ನು ಬಿಡುತ್ತ ಹೋಗುತ್ತದೆ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆ ಅದಕ್ಕೆ ಹೇಳಿ ಮಾಡಿಸಿದ್ದು.

ಚಕ್ಕೆ ಎದ್ದದ್ದು ಎಲ್ಲಿ? ಹನ್ನೊಂದು ಗೆರೆಗಳೂ ಎರಡೇ ಜಾಗಗಳಿಂದ ಹೊರಟಿದ್ದವು, ಕೆಳಗಿನ ಎರಡು ಕೊಕ್ಕೆಗಳು ಅಂಚನ್ನು ಹಿಡಿದಿದ್ದ ಜಾಗ. ಗುರಾಣಿಗೆ ಯಾರೂ ಹೊಡೆದಿರಲಿಲ್ಲ, ಅದು ಬಿದ್ದೂ ಇರಲಿಲ್ಲ. ಗೋಡೆಯ ಮೇಲೆ ಸುಮ್ಮನೆ ಕೂತೇ ಹಾಳಾಗಿತ್ತು. ಅಲ್ಲಿಂದ ಮುಂದೆ ನಾನು ನೋಡಿದ್ದೆಲ್ಲ ಒಂದನ್ನೇ: ಇದನ್ನು ಏನೇನು ಮುಟ್ಟುತ್ತದೆ, ಎಲ್ಲಿ ಮುಟ್ಟುತ್ತದೆ.

ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಗುರಾಣಿಯನ್ನು ಮಗುಚಿ ಮಲಗಿಸಿ, ಟಾರ್ಚ್ ಹಿಡಿದು ನೋಡಿದೆ. ಕೊಕ್ಕೆಗಳು 6 ಮಿಲಿಮೀಟರ್ ಕಬ್ಬಿಣದ ಸರಳನ್ನು ಬಗ್ಗಿಸಿ ಮಾಡಿದವು. ಗೀಚಬಾರದೆಂದು ಅವುಗಳಿಗೆ ಮೆದು ಪಿ.ವಿ.ಸಿ. ಕೊಳವೆ ತೊಡಿಸಿದ್ದೆ, ಅಕ್ವೇರಿಯಂಗೆ ಬಳಸುವಂಥದ್ದು. ಕಾಪಾಡಲು ತೊಡಿಸಿದ್ದೇ ಕೆಡಿಸಿತ್ತು. ಮೆದು ಪಿ.ವಿ.ಸಿ.ಗೆ ಆ ಮೆದುತನ ಬರುವುದು ಅದಕ್ಕೆ ಬೆರೆಸಿದ ಎಣ್ಣೆಯಂಥ ದ್ರವದಿಂದ. ತಿಂಗಳುಗಟ್ಟಲೆ ಒತ್ತಿಕೊಂಡು ಕೂತರೆ ಅದು ಹೊರಗೆ ಒಸರಿ ಬಣ್ಣಕ್ಕೆ ಇಳಿಯುತ್ತದೆ, ಬಣ್ಣ ಮೆತ್ತಗಾಗುತ್ತದೆ. ಕೊಳವೆ ಕೂತಿದ್ದಲ್ಲಿ ಬೆರಳಿಟ್ಟರೆ ಹಲಸಿನ ಮೇಣದಂತೆ ಅಂಟು. ಮೆತ್ತಗಾದ ಬಣ್ಣದ ಮೇಲೆ ತೆಳು ಅಂಚಿನ ಭಾರ ಬಿದ್ದು ಬಣ್ಣ ಹರಿದಿತ್ತು. ಉಳಿದದ್ದನ್ನು ಉಪ್ಪುಗಾಳಿ ನೋಡಿಕೊಂಡಿತ್ತು.

ಬೆನ್ನಿನ ಕಡೆ ಇನ್ನೂ ಮೂರು ದೂರುಗಳಿದ್ದವು. ಕೈಪಟ್ಟಿಗಳ ಹಿತ್ತಾಳೆ ರಿವೆಟ್‌ಗಳ ಸುತ್ತ ಬಿಳಿ ಹುಡಿ: ಹಿತ್ತಾಳೆ, ಅಲ್ಯೂಮಿನಿಯಂ, ನಡುವೆ ಬೆವರು, ಮೂರೂ ಸೇರಿ ಪುಟ್ಟದೊಂದು ಬ್ಯಾಟರಿಯಾಗಿ ಅಲ್ಯೂಮಿನಿಯಂ ತಾನೇ ಸವೆದುಕೊಳ್ಳುತ್ತದೆ. ಚರ್ಮದ ಪಟ್ಟಿಗಳ ಮೇಲೆ ಹಸಿರು ಬೂಷ್ಟು. ಮತ್ತೆ, ಮೇಲ್ಭಾಗದಲ್ಲಿ ಹಲ್ಲಿಯ ಹಿಕ್ಕೆ. ಗೋಡೆಗೂ ಗುರಾಣಿಗೂ ನಡುವಿನ ಕತ್ತಲನ್ನು ಹಲ್ಲಿಯ ಸಂಸಾರವೊಂದು ಬಾಡಿಗೆ ಇಲ್ಲದೆ ಬಳಸಿಕೊಂಡಿತ್ತು. ನಗುವ ವಿಷಯವಲ್ಲ; ಆ ಬಿಳಿ ತುದಿಯ ಹಿಕ್ಕೆ ಯೂರಿಕ್ ಆಮ್ಲ, ಬಣ್ಣದ ಮೇಲೆ ಮಚ್ಚೆ ಬಿಡುತ್ತದೆ.

ಬೆವರು ಎಲ್ಲಿಂದ ಬಂತು ಎಂದರೆ ಗಣೇಶೋತ್ಸವದಿಂದ. ಎರಡನೇ ಪಿ.ಯು. ಓದುವ ಅಕ್ಕನ ಮಗ ಛದ್ಮವೇಷ ಸ್ಪರ್ಧೆಗೆ ಇದನ್ನು ಒಯ್ದಿದ್ದ. ಬಹುಮಾನ ಬರಲಿಲ್ಲ. ಎರಡು ಗಂಟೆ ತೊಟ್ಟುಕೊಂಡು, ನಡುನಡುವೆ ಸಭಾಂಗಣದ ಸಿಮೆಂಟ್ ನೆಲದ ಮೇಲೆ ಅಂಚು ಊರಿ ನಿಲ್ಲಿಸಿ, ಸೆಲ್ಫಿಗೆ ಯಾರು ಕೇಳಿದರೂ ಕೊಟ್ಟು, ಹಾಗೆಯೇ ತಂದು ಕೊಕ್ಕೆಗೆ ಸೇರಿಸಿದ್ದ. ನಾನೂ ಒರೆಸಲಿಲ್ಲ. ತಪ್ಪು ಹಂಚಿಕೊಂಡೆವು.

ಮೊದಲು ರೋಗ ತೆಗೆಯಬೇಕು. ನೂಲುತುಕ್ಕಿನ ಮೇಲೆ ಬಣ್ಣ ಬಳಿದರೆ ಅದು ಒಳಗೇ ಬೆಳೆಯುತ್ತದೆ. ಹಾಗಾಗಿ ಗೆರೆಗಳ ತುದಿಯಿಂದಾಚೆ ಎರಡು ಬೆರಳಗಲ ಜಾಸ್ತಿಯೇ ಬಣ್ಣ ಕೆರೆದೆ, 320ರ ವಾಟರ್ ಪೇಪರ್‌ನಿಂದ (ಒದ್ದೆ ಮಾಡಿ ಉಜ್ಜುವ ಮರಳುಕಾಗದ, ಸಂಖ್ಯೆ ಏರಿದಷ್ಟೂ ನಯ) ಶುರುಮಾಡಿ 600ಕ್ಕೆ ಮುಗಿಸಿದೆ. ಹೊಳೆಯುವ ಲೋಹ ಕಂಡರೂ ಉಪ್ಪು ಸಣ್ಣ ಗುಳಿಗಳಲ್ಲಿ ಉಳಿದಿರುತ್ತದೆ. ಬಾವಿ ನೀರು ಬೇಡ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿನಿಂದ ಮೂರು ಸಲ ತೊಳೆದು ಒಣಗಿಸಿದೆ. ಒಂದು ಎಚ್ಚರಿಕೆ: ಅಲ್ಯೂಮಿನಿಯಂಗೆ ಸ್ಟೀಲ್ ವುಲ್, ಎಂದರೆ ಉಕ್ಕಿನ ನಾರು, ಹಾಕಬಾರದು. ಅದರ ಕಬ್ಬಿಣದ ಕಣಗಳು ಗೀರುಗಳಲ್ಲಿ ಸಿಕ್ಕಿಕೊಂಡು ಆಮೇಲೆ ನಿಜವಾದ ಕೆಂಪು ತುಕ್ಕು ಹಿಡಿಯುತ್ತವೆ.

ಇಲ್ಲಿಗೆ ಸುಲಭದ ಭಾಗ ಮುಗಿಯಿತು. ಕ್ಯಾಂಡಿ ಬಣ್ಣ ಎನ್ನುವ ಈ ಪಾರದರ್ಶಕ ಬಣ್ಣಕ್ಕೆ ತೇಪೆ ಹಾಕಲಾಗುವುದಿಲ್ಲ. ಪ್ರತಿ ಕೋಟ್‌ಗೂ ಅದು ಗಾಢವಾಗುತ್ತದೆ, ಹಳೆಯ ಬಣ್ಣದ ಮೇಲೆ ಹೊಸದು ಏರಿದ ಕಡೆ ಕಪ್ಪಗಿನ ಪಟ್ಟೆ ಕಾಣುತ್ತದೆ. ಕೆಳಗೆ ಬೂದು ಪ್ರೈಮರ್ ಹೊಡೆಯುವ ಹಾಗೂ ಇಲ್ಲ, ಲೋಹ ಮುಚ್ಚಿಹೋಗುತ್ತದೆ. ಉಳಿದದ್ದು ಒಂದೇ ದಾರಿ: ಹೊರಗಿನ ಕೆಂಪು ಬಳೆಯನ್ನು ಪೂರ್ತಿ ಬೋಳಿಸಿ, ಉಜ್ಜುಗೀರುಗಳನ್ನು ಮತ್ತೆ ಮೂಡಿಸಿ, ಇಡೀ ಬಳೆಗೆ ಒಂದೇ ಸಲ ಬಣ್ಣ ಹೊಡೆಯುವುದು.

ಗೀರು ಮೂಡಿಸಲು ಗುರಾಣಿಯನ್ನು ತಿರುಗಿಸಬೇಕು, ಕೈಯನ್ನಲ್ಲ. ಕೈಯಲ್ಲಿ ಸುತ್ತು ಹೊಡೆದರೆ ಗೀರು ಕಮಾನಾಗದೆ ತುಂಡು ತುಂಡು ಗೆರೆಯಾಗುತ್ತದೆ. ಅಕ್ಕ ಕೇಕ್ ಅಲಂಕರಿಸುವ ತಿರುಗುಮಣೆಯನ್ನು ಕೇಳಿ ತಂದೆ (ಯಾವುದಕ್ಕೆಂದು ಆಗ ಹೇಳಲಿಲ್ಲ). ಅದರ ಮೇಲೆ ಫೋಮ್ ಉಂಗುರ ಇಟ್ಟು ಗುರಾಣಿಯನ್ನು ನಡುಕ್ಕೆ ಸರಿಯಾಗಿ ಕೂರಿಸಿದೆ. ನಡು ಸರಿಯಾಯಿತೇ ಎಂದು ನೋಡಲು ಅಂಚಿನ ಬಳಿ ಒಂದು ಪೆನ್ಸಿಲನ್ನು ಅಲುಗದಂತೆ ಹಿಡಿದು ಗುರಾಣಿಯನ್ನು ತಿರುಗಿಸುವುದು. ಪೆನ್ಸಿಲಿಗೂ ಅಂಚಿಗೂ ನಡುವಿನ ಸಂದು ಸುತ್ತಲೂ ಒಂದೇ ಇರಬೇಕು. ಹತ್ತು ನಿಮಿಷದ ತಾಳ್ಮೆ. ಆಮೇಲೆ ಬಣ್ಣದಂಗಡಿಯಲ್ಲಿ ಸಿಗುವ ಬೂದು ಉಜ್ಜುಪ್ಯಾಡನ್ನು ಮರದ ತುಂಡಿಗೆ ಸುತ್ತಿ ಒಂದೇ ಕಡೆ ಒತ್ತಿ ಹಿಡಿದೆ, ಅಕ್ಕನ ಮಗ ಮಣೆ ತಿರುಗಿಸಿದ. ನಲವತ್ತು ಸುತ್ತಿನಲ್ಲಿ ಹಳೆಯ ಹೊಳಪು ಮರಳಿತು. ಅವನು ಅಷ್ಟರಲ್ಲಿ, “ಮಾವ, ಇದು ಗುರಾಣಿಯೋ ರುಬ್ಬುವ ಕಲ್ಲೋ?” ಎಂದು ಕೇಳಿ ಆಗಿತ್ತು.

ಬಣ್ಣ ನಾನು ಹೊಡೆಯಲಿಲ್ಲ. ಗಟ್ಟಿ ಕ್ಲಿಯರ್ ಕೋಟ್ ಎರಡು ಡಬ್ಬಿಯದು, ಹಾರ್ಡ್‌ನರ್ ಬೆರೆಸಬೇಕು. ಆ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಅದರ ತುಂತುರು ಶ್ವಾಸಕೋಶಕ್ಕೆ ವಿಷ. ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಬಾಲ್ಕನಿಯಲ್ಲಿ ಮಾಡುವ ಕೆಲಸವಲ್ಲ. ಕಾರಿನ ಪೇಂಟಿಂಗ್ ಬೂತ್ ಇರುವ ಪರಿಚಯದ ಗ್ಯಾರೇಜಿಗೆ ನವೆಂಬರ್‌ನಲ್ಲಿ ಒಯ್ದೆ. ಅಲ್ಲಿಯವರೆಗೆ ಕಾದದ್ದೂ ಬೇಕೆಂದೇ. ಒದ್ದೆ ಹವೆಯಲ್ಲಿ ಹೊಡೆದ ಬಣ್ಣ ಮಂಜು ಕಟ್ಟಿದಂತೆ ಬೆಳ್ಳಗಾಗುವ ಅಪಾಯವಿದೆ.

ಮಾರನೆಯ ದಿನ ಪೇಂಟರ್ ಫೋನ್ ಮಾಡಿದರು. “ಏನು ಹಚ್ಚಿದ್ದೀರಿ ಮಾರಾಯರೇ ಇದಕ್ಕೆ?” ಹೋಗಿ ನೋಡಿದರೆ ಕೆಂಪು ಬಳೆಯ ತುಂಬ ಸಿಡುಬಿನ ಕಲೆಯಂಥ ಗುಳಿಗಳು, ಒಂದೊಂದೂ ಸಾಸಿವೆ ಕಾಳಿನಷ್ಟು. ನೆನಪಾಯಿತು: ಎರಡು ವರ್ಷದಿಂದ ಕಾರಿನ ಡ್ಯಾಶ್‌ಬೋರ್ಡಿಗೆ ಹೊಡೆಯುವ ಪಾಲಿಶನ್ನೇ ಇದಕ್ಕೂ ಹೊಡೆಯುತ್ತಿದ್ದೆ. ಅದರಲ್ಲಿ ಸಿಲಿಕೋನ್ ಇರುತ್ತದೆ. ಸಿಲಿಕೋನ್ ಸೋಂಕಿದ ಜಾಗದಲ್ಲಿ ಹೊಸ ಬಣ್ಣ ನಿಲ್ಲದೆ ಹಿಂದೆ ಸರಿಯುತ್ತದೆ. ಕೆರೆದ ಲೋಹಕ್ಕೆ ಅದು ಬಂದದ್ದು ನಾನು ಉಜ್ಜುವಾಗ ಒರೆಸಿದ ಬಟ್ಟೆಯಿಂದ. ಒಳ ಬಳೆಗಳನ್ನೂ ಅದೇ ಬಟ್ಟೆಯಲ್ಲಿ ಒರೆಸಿದ್ದೆ. ಅವರು ಮತ್ತೆ ಬೋಳಿಸಿದರು, ಜಿಡ್ಡು ತೆಗೆಯುವ ದ್ರವದಿಂದ ಪ್ರತಿ ಸಲವೂ ಹೊಸ ಬಟ್ಟೆ ತೆಗೆದುಕೊಂಡು ಒರೆಸಿದರು. ನಾನು ಮತ್ತೆ ತಿರುಗುಮಣೆಗೆ ಹೋದೆ. ಎರಡನೆಯ ಸಲ ಮೊದಲು ಒಂದು ಚೂರು ಅಲ್ಯೂಮಿನಿಯಂ ತಗಡನ್ನು ಅದೇ ರೀತಿ ಉಜ್ಜಿ, ಮೂರು, ನಾಲ್ಕು, ಐದು ಕೋಟ್‌ಗಳ ಪಟ್ಟೆ ಹೊಡೆಸಿ, ಗುರಾಣಿಯ ಒಳಗಿನ ಕೆಂಪು ಬಳೆಯ ಪಕ್ಕ ಹಿಡಿದು ಬಿಸಿಲಿನಲ್ಲಿ ನೋಡಿದೆವು. ನಾಲ್ಕು ಕೋಟ್ ಒಪ್ಪಿತು. ಪೇಂಟರ್ ಹಣ ಒಂದೇ ಸಲದ್ದು ತೆಗೆದುಕೊಂಡರು. ಬುದ್ಧಿವಾದ ಎರಡು ಸಲ ಹೇಳಿದರು.

ಹೊಡೆದ ಬಣ್ಣ ಒಂದು ದಿನದಲ್ಲಿ ಮುಟ್ಟಲು ಒಣಗಿದಂತೆ ಕಾಣುತ್ತದೆ, ಒಳಗೆ ಗಟ್ಟಿಯಾಗಲು ವಾರಗಳು ಬೇಕು. ಗ್ಯಾರೇಜಿನವರು ಗುಳ್ಳೆಕಾಗದ ಸುತ್ತಿ ಕೊಡಲು ಹೊರಟಿದ್ದರು, ಬೇಡವೆಂದೆ. ಹಸಿ ಬಣ್ಣದ ಮೇಲೆ ಬಬಲ್ ರ್‍ಯಾಪ್‌ನ ಗುಳ್ಳೆಗಳು ಸಾಲುಸಾಲು ವೃತ್ತ ಒತ್ತುತ್ತವೆ, ಕಾರಿನ ಬಿಸಿಯಲ್ಲಂತೂ ಖಂಡಿತ. ಹಳೆಯ ಪಂಚೆಯ ಮೇಲೆ ಮುಖ ಮೇಲೆ ಮಾಡಿ ಮಲಗಿಸಿಕೊಂಡು ಬಂದೆ. ಮೂರು ವಾರ ಅಟ್ಟದ ಮೇಲೆ ಹಾಗೆಯೇ ಬಿಟ್ಟೆ.

ಆ ಮೂರು ವಾರದಲ್ಲಿ ಕೊಕ್ಕೆ. ಇದರ ಮೇಲೆ ನಾನು ಕಳೆದ ಸಮಯ ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚು.

1941ರ ಮಾರ್ಚ್ ತಿಂಗಳ ದಿನಾಂಕ ಹೊತ್ತು ಬಂದ ಮೊದಲ ಕಾಮಿಕ್ ಸಂಚಿಕೆಯಲ್ಲಿ, ಕ್ಯಾಪ್ಟನ್ ಅಮೆರಿಕಾನನ್ನು ಸೃಷ್ಟಿಸಿದ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಜೋಡಿ ಈ ವೀರನಿಗೆ ಕೊಟ್ಟದ್ದು ದುಂಡು ಗುರಾಣಿಯಲ್ಲ, ಮೇಲೆ ಅಗಲ, ಕೆಳಗೆ ಚೂಪು ಇರುವ ಮುಕ್ಕೋನದ್ದು. ಬೇರೊಂದು ಪ್ರಕಾಶನದ ನಾಯಕನ ಎದೆಯ ಗುರುತನ್ನು ಅದು ಹೋಲುತ್ತದೆ ಎಂಬ ತಕರಾರು ಬಂದು, ಎರಡನೆಯ ಸಂಚಿಕೆಯಿಂದ ದುಂಡಗಾಯಿತು. ಗೋಡೆಗೆ ತೂಗುಹಾಕುವವನ ಕಡೆಯಿಂದ ನೋಡಿದರೆ ಆ ತಕರಾರು ಎಂಬತ್ತು ವರ್ಷ ದಾಟಿ ನನ್ನ ತಲೆಗೆ ಬಂದು ಕೂತಿದೆ. ಮುಕ್ಕೋನದ ಗುರಾಣಿಯನ್ನು ಒಂದು ಮೊಳೆಗೆ ತೂಗುಹಾಕಿದರೆ ತನ್ನಷ್ಟಕ್ಕೆ ನೆಟ್ಟಗೆ ನಿಲ್ಲುತ್ತದೆ. ದುಂಡಗಿನದಕ್ಕೆ ಮೂಲೆಯೇ ಇಲ್ಲ. ಅದು ಉರುಳುತ್ತದೆ, ಉರುಳಿದರೆ ನಕ್ಷತ್ರ ವಾಲುತ್ತದೆ. 61 ಸೆಂಟಿಮೀಟರ್ ತಟ್ಟೆಯಲ್ಲಿ ಅಂಚು 5 ಮಿಲಿಮೀಟರ್ ಸರಿದರೆ ನಕ್ಷತ್ರ ಒಂದು ಡಿಗ್ರಿ ವಾಲಿತು. ಎರಡು ಡಿಗ್ರಿ ವಾಲಿದ್ದು ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ, ನನಗಂತೂ ನಿದ್ದೆ ಬರುವುದಿಲ್ಲ.

ಬೆನ್ನಿಗೆ ಒಂದು ಪಟ್ಟಿ ಅಂಟಿಸಿ ಅದರಿಂದ ತೂಗುಹಾಕಿದರೆ ಅಂಚನ್ನು ಮುಟ್ಟುವ ಗೋಜೇ ಇಲ್ಲವಲ್ಲ ಎಂದು ಹಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಎರಡು ಬದಿ ಅಂಟಿರುವ ಟೇಪು ಹಗಲುರಾತ್ರಿ ಭಾರ ಹೊತ್ತರೆ ದಿನಕ್ಕೊಂದು ಕೂದಲೆಳೆಯಷ್ಟು ಜಾರುತ್ತದೆ, ಬೇಸಿಗೆಯಲ್ಲಿ ಬೇಗ ಜಾರುತ್ತದೆ. ಒಂದು ರಾತ್ರಿ ಎರಡು ಕಿಲೋ ಲೋಹ ಟಿ.ವಿ.ಯ ಮೇಲೆ ಬೀಳುವ ಸದ್ದು ಕೇಳುವುದು ನನಗೆ ಬೇಡ. ಭಾರ ಕೊಕ್ಕೆಯ ಮೇಲೆಯೇ ಕೂರಲಿ, ಆದರೆ ಆ ಕೊಕ್ಕೆ ಯಾವುದರದ್ದು ಎಂಬುದೇ ಪ್ರಶ್ನೆ.

ಉತ್ತರ ಅಡುಗೆಮನೆಯಲ್ಲಿತ್ತು. ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆ ಗಟ್ಟಿ ಪಾಲಿಥೀನ್‌ನದು. ಅದಕ್ಕೆ ಒಸರುವ ಎಣ್ಣೆ ಇಲ್ಲ, ಬಣ್ಣಕ್ಕಿಂತ ಮೆದು, ನೀರು ಕುಡಿಯುವುದಿಲ್ಲ, ಗರಗಸಕ್ಕೆ ಬೆಣ್ಣೆಯಂತೆ ಬಗ್ಗುತ್ತದೆ. ಮ್ಯೂಸಿಯಂಗಳಲ್ಲಿ ವಸ್ತುಗಳ ಅಡಿಗೆ ಇಡುವ ಫೋಮ್ ಕೂಡ ಪಾಲಿಥೀನ್‌ನದೇ. 12 ಮಿಲಿಮೀಟರ್ ದಪ್ಪದ ಹೊಸ ಹಲಗೆ ತಂದು ಮೂರು ಕೊಕ್ಕೆ ಕತ್ತರಿಸಿದೆ. ಕೆಳಗೆ ಎರಡು, ಮೇಲೆ ಒಂದು.

ಕೆಳಗಿನ ಎರಡನ್ನು ಎಷ್ಟು ದೂರ ಇಡಬೇಕು ಎಂಬುದಕ್ಕೆ ಲೆಕ್ಕವಿದೆ. ಎರಡೂ ತೀರಾ ಹತ್ತಿರವಿದ್ದರೆ ಗುರಾಣಿ ಪಕ್ಕಕ್ಕೆ ಹೊರಳುತ್ತದೆ. ದೂರ ಹೋದಷ್ಟೂ ಪ್ರತಿ ಕೊಕ್ಕೆಯ ಒತ್ತಡ ಏರುತ್ತದೆ: ಕೆಳತುದಿಯಿಂದ ಆಚೀಚೆ 30 ಡಿಗ್ರಿಯಲ್ಲಿಟ್ಟರೆ ಒಂದೊಂದು ಕೊಕ್ಕೆಗೆ ಸುಮಾರು 1.3 ಕಿಲೋ, 60 ಡಿಗ್ರಿಗೆ ಹೋದರೆ ಒಂದೊಂದಕ್ಕೂ ಪೂರ್ತಿ 2.2 ಕಿಲೋ. ಬೆಣೆಯಂತೆ ಸಿಕ್ಕಿಕೊಳ್ಳುವುದೇ ಕಾರಣ. ಹಳೆಯ ಕೊಕ್ಕೆಗಳನ್ನು ಗಟ್ಟಿಯಿರಲೆಂದು ನಾನು 60ರ ಹತ್ತಿರವೇ ಹೊಡೆದಿದ್ದೆ. ಈಗ 35ಕ್ಕೆ ಇಳಿಸಿದೆ.

ಮೊದಲ ಜೋಡಿ ಕೊಕ್ಕೆ ವ್ಯರ್ಥವಾಯಿತು. ಅಂಚು ಕೂರಲು 4 ಮಿಲಿಮೀಟರ್ ಅಗಲದ ನೇರ ಸೀಳು ಕೊರೆದಿದ್ದೆ. ಗುರಾಣಿಯನ್ನು ಇಟ್ಟು, ಸಂದಿಗೆ ಕಾಗದದ ಚೂರು ತೂರಿಸಿ ನೋಡಿದರೆ ಕಾಗದ ಒಂದು ಕಡೆಯಿಂದ ಪೂರ್ತಿ ಒಳಗೆ ಹೋಯಿತು. ಅಂದರೆ ಅಂಚಿನ ಒಂದು ಮೂಲೆ ಮಾತ್ರ ಕೂತಿತ್ತು, ಭಾರವೆಲ್ಲ ಆ ಚೂಪಿನ ಮೇಲೆ. ತಲೆ ಕೆರೆದುಕೊಂಡು ಲೆಕ್ಕ ಹಾಕಿದ ಮೇಲೆ ತಿಳಿಯಿತು: ಗುರಾಣಿ ಉಬ್ಬಿರುವುದರಿಂದ ಅದರ ಅಂಚು ಗೋಡೆಗೆ ಸಮಾಂತರವಾಗಿ ಬರುವುದಿಲ್ಲ, 33 ಡಿಗ್ರಿ ಓರೆಯಾಗಿ ಬರುತ್ತದೆ. ಸೀಳೂ ಅಷ್ಟೇ ಓರೆಯಾಗಿರಬೇಕು. ರಟ್ಟಿನಲ್ಲಿ 33 ಡಿಗ್ರಿಯ ಅಚ್ಚು ಕತ್ತರಿಸಿ, ಅದನ್ನು ಇಟ್ಟು ಇಟ್ಟು ನೋಡುತ್ತ ತೆಳು ಅರದಿಂದ ಸೀಳನ್ನು ಓರೆ ಮಾಡಿದೆ. ಸಿಹಿ ತಿಂಡಿಯ ಮೇಲಿನ ಕೊಬ್ಬರಿಯಂತೆ ಬಿಳಿ ಹುಡಿ ಮನೆ ತುಂಬಾ. ಎರಡನೆಯ ಜೋಡಿಯಲ್ಲಿ ಕಾಗದ ಯಾವ ಕಡೆಯಿಂದಲೂ ಹೋಗಲಿಲ್ಲ.

ಮೇಲಿನ ಕೊಕ್ಕೆ ಭಾರ ಹೊರುವುದಿಲ್ಲ, ಗುರಾಣಿ ಮುಂದಕ್ಕೆ ಬೀಳದಂತೆ ತಡೆಯುತ್ತದೆ ಅಷ್ಟೇ. ಅದನ್ನು ಎರಡು ತುಂಡಾಗಿ ಮಾಡಿದೆ: ಗೋಡೆಗೆ ಕೂತ ಬುಡ, ಅದಕ್ಕೆ ಹೆಬ್ಬೆರಳಲ್ಲಿ ತಿರುಗಿಸುವ ಸ್ಕ್ರೂನಿಂದ ಕೂರುವ ನಾಲಿಗೆ. ನಾಲಿಗೆ ತೆಗೆದರೆ ಗುರಾಣಿಯನ್ನು ತಿರುಚದೆ, ಸ್ವಲ್ಪ ಎತ್ತಿ ನೇರ ಮುಂದಕ್ಕೆ ತರಬಹುದು. ಮೊದಲೆಲ್ಲ ಓರೆ ಮಾಡಿ, ತಿರುಚಿ, ಕೊಕ್ಕೆಗೆ ತಾಗಿಸಿಯೇ ತೆಗೆಯುತ್ತಿದ್ದೆವು. ಅರ್ಧ ಗೀರುಗಳು ಅಲ್ಲೇ ಬಿದ್ದವು.

ನಮ್ಮದು ಮುರಕಲ್ಲಿನ ಗೋಡೆ. ಡ್ರಿಲ್ಲನ್ನು ಹ್ಯಾಮರಿಗೆ ಹಾಕಿ ಒತ್ತಿದರೆ ಕಲ್ಲು ಹುಡಿಯಾಗಿ ತೂತು ಹುಣಸೆಹಣ್ಣಿನ ಗಾತ್ರಕ್ಕೆ ಹಿಗ್ಗುತ್ತದೆ. ಹ್ಯಾಮರ್ ಇಲ್ಲದೆ ಮೊದಲು 5, ಆಮೇಲೆ 8 ಮಿಲಿಮೀಟರ್ ಬಿಟ್ ಹಾಕಿ, ಗಾರೆಯ ಸಂದು ತಪ್ಪಿಸಿ ಕಲ್ಲಿನಲ್ಲೇ ಕೊರೆದು, ಉದ್ದನೆಯ ಪ್ಲಾಸ್ಟಿಕ್ ಪ್ಲಗ್ ತುರುಕಿದೆ. ಅಂಚಿಗೂ ಗೋಡೆಗೂ ನಡುವೆ 3 ಸೆಂಟಿಮೀಟರ್ ಬಿಟ್ಟಿದ್ದೇನೆ. ಗಾಳಿ ಆಡುತ್ತದೆ, ಮಳೆಗಾಲದಲ್ಲಿ ಬೆವರುವ ಗೋಡೆ ಬೆನ್ನಿಗೆ ತಾಗುವುದಿಲ್ಲ. ಜಾಗವನ್ನೂ ಬದಲಿಸಿದೆ: ಮೊದಲಿದ್ದದ್ದು ಪಶ್ಚಿಮದ ಕಿಟಕಿಯ ಎದುರು, ಸಂಜೆಯ ಬಿಸಿಲು ನೇರ ಕೆಂಪಿನ ಮೇಲೆ. ಪಾರದರ್ಶಕ ಕೆಂಪು ಬೇಗ ಮಾಸುವ ಬಣ್ಣ. ಈಗ ಒಳಗೋಡೆಗೆ ಬಂದಿದೆ, ಕಪಾಟಿನ ಮೇಲೆ. ಹಲ್ಲಿಗಳಿಗೆ ಏನೂ ಮಾಡಲಾಗಲಿಲ್ಲ.

ಇನ್ನು ತೊಡುವ ವಿಷಯ. ಕೈಪಟ್ಟಿಗಳು ಕೂರುವುದು ಗುರಾಣಿಯ ಬೆನ್ನಿಗೆ ಎಪಾಕ್ಸಿ ಹಾಕಿ ಅಂಟಿಸಿದ ನಾಲ್ಕು ಸೇತುವೆಯಾಕಾರದ ಅಲ್ಯೂಮಿನಿಯಂ ತುಂಡುಗಳಿಗೆ. ಒಂದು ಛದ್ಮವೇಷದಲ್ಲೇ ಸಡಿಲವಾಗಿತ್ತು. ಮುಖದ ಕಡೆಯಿಂದ ತೂತು ಕೊರೆದು ಬೋಲ್ಟ್ ಹಾಕಿದರೆ ಜನ್ಮಕ್ಕೂ ಬಿಡುವುದಿಲ್ಲ, ಆದರೆ ಗುರಾಣಿಯೇ ಹೋದಂತೆ. ಎರಡೂ ಮೈಗಳನ್ನು ಒರಟಾಗಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ತಡಮಾಡದೆ ಅಂಟಿಸಿದೆ. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಮತ್ತೆ ಕಟ್ಟಿಕೊಳ್ಳುತ್ತಲೇ ಇರುತ್ತದೆ, ಊಟ ಮಾಡಿ ಬಂದು ಅಂಟಿಸುತ್ತೇನೆ ಎನ್ನಬಾರದು. ಬಾಗಿದ ಮೈಯ ಮೇಲೆ ಕ್ಲಾಂಪ್ ಕೂರದು. ಮರಳು ತುಂಬಿದ ಚೀಲವನ್ನು 24 ಗಂಟೆ ಹೇರಿದೆ. ಹಿತ್ತಾಳೆ ರಿವೆಟ್‌ಗಳನ್ನು ಕೊರೆದು ತೆಗೆದು ಸ್ಟೇನ್‌ಲೆಸ್ ಬೋಲ್ಟ್ ಹಾಕಿದೆ, ಎರಡು ಕಡೆಯೂ ನೈಲಾನ್ ವಾಷರ್, ನಡುವೆ ನೈಲಾನ್ ಕೊಳವೆ. ಲೋಹ ಲೋಹವನ್ನು ಮುಟ್ಟುವುದಿಲ್ಲ. ಈಗ ಪಟ್ಟಿಗಳು ಬಿಚ್ಚುತ್ತವೆ. ಗುರಾಣಿ ಗೋಡೆಯ ಮೇಲಿರುವಾಗ ಅವು ಬೀರುವಿನಲ್ಲಿರುತ್ತವೆ, ಬೂಷ್ಟಿನಿಂದ ದೂರ.

ಪಟ್ಟಿ ಹೊಲಿಸಲು ಪೇಟೆಯಲ್ಲಿ ಚಪ್ಪಲಿ, ಬ್ಯಾಗು ಹೊಲಿಯುವ ಹಿರಿಯರೊಬ್ಬರ ಬಳಿ ಹೋದೆವು. ನಾನು ಅಳತೆ ಬರೆದ ಚೀಟಿ ಕೊಟ್ಟೆ. ಅವರು ಚೀಟಿಯನ್ನು ಪಕ್ಕಕ್ಕಿಟ್ಟು ಹುಡುಗನ ಕೈ ಹಿಡಿದರು. “ತುಂಬು ತೋಳಿನ ಅಂಗಿ ಹಾಕುತ್ತೀಯೋ ಬರಿಗೈಯೋ?” ಉಡುಪಿಗೆ ದಪ್ಪ ತೋಳಿದೆ ಎಂದ. “ಹಾಗಾದರೆ ಅದನ್ನು ಹಾಕಿಕೊಂಡು ಬಾ.” ಮಾರನೆಯ ದಿನ ತೋಳಿನ ಮೇಲೆಯೇ ಅಳೆದರು. ಮೊಣಕೈಯ ಕೆಳಗಿನ ಪಟ್ಟಿಯನ್ನು ಮೂರು ಬೆರಳು ಅಗಲ, ಒಳಗೆ ಮೆತ್ತನೆಯ ಅಸ್ತರು ಕೊಟ್ಟು ಹೊಲಿದರು. ಹಿಡಿಯುವ ಪಟ್ಟಿಯನ್ನು ಸಪೂರವಾಗಿ, ಮುಷ್ಟಿಗೆ ದುಂಡಗೆ. ಬಕಲ್‌ನ್ನು ಗುರಾಣಿಯ ಬೆನ್ನಿಗೆ ತಾಗುವ ಕಡೆ ಹಾಕದೆ ತೋಳಿನ ಹೊರಬದಿಗೆ ತಂದು, ಅದರ ಅಡಿಗೆ ಒಂದು ಚರ್ಮದ ನಾಲಿಗೆಯನ್ನೂ ಸೇರಿಸಿದರು. ನಾನು ಹೇಳಿರಲಿಲ್ಲ. “ಇಲ್ಲದಿದ್ದರೆ ಬಣ್ಣ ಕೆರೆಯುತ್ತದಲ್ಲ,” ಎಂದರು ತಲೆ ಎತ್ತದೆ.

ಪಟ್ಟಿ ಎಷ್ಟು ಓರೆಯಿರಬೇಕು ಎಂಬುದನ್ನು ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಹೇಳಿತು. 61 ಸೆಂಟಿಮೀಟರ್‌ನ ರಟ್ಟಿನ ತಟ್ಟೆ ಕತ್ತರಿಸಿ ನಕ್ಷತ್ರ ಬರೆದು, ಹುಡುಗನನ್ನು ಕನ್ನಡಿಯ ಮುಂದೆ ತೋಳು ಮಡಚಿ ನಿಲ್ಲಿಸಿ, ನಕ್ಷತ್ರದ ತುದಿ ನೆಟ್ಟಗಾಗುವವರೆಗೆ ತಟ್ಟೆಯನ್ನು ತಿರುಗಿಸಿ ತೋಳಿನ ಗೆರೆ ಎಳೆದೆ. ಮುಂದೋಳು ನೇರ ಅಡ್ಡ ಬರುವುದಿಲ್ಲ, ಮುಷ್ಟಿ ಮೇಲೆ ಇರುತ್ತದೆ. 35 ಡಿಗ್ರಿ ಓರೆ ಬಂತು. ಅದೇ ಗೆರೆಯ ಮೇಲೆ ಸಡಿಲವಾಗಿದ್ದ ಸೇತುವೆಯ ಜಾಗವನ್ನೂ ಸರಿಪಡಿಸಿದೆ.

ಬೆನ್ನಿಗೆ ಹೊರುವ ಆಸೆ ಅವನಿಗೆ ಬಹಳ ಇತ್ತು. ಅಯಸ್ಕಾಂತ ಇಟ್ಟರೆ ಟಪ್ ಎಂದು ಕೂರುತ್ತದೆ ಎಂದ. ಅಲ್ಯೂಮಿನಿಯಂಗೆ ಅಯಸ್ಕಾಂತ ಅಂಟುವುದಿಲ್ಲ, ಉಕ್ಕಿನ ತಗಡು ಅಂಟಿಸಬೇಕು ಎಂಬುದು ಹಾಗಿರಲಿ. ಅಯಸ್ಕಾಂತದ ಡಬ್ಬಿಯ ಮೇಲೆ 10 ಕಿಲೋ ಎಂದಿದ್ದರೆ ಅದು ನೇರ ಕಿತ್ತರೆ ಬೇಕಾಗುವ ಬಲ. ಪಕ್ಕಕ್ಕೆ ಜಾರಿಸಲು ಅದರ ಐದನೆಯ ಒಂದು ಭಾಗವೂ ಸಾಕು, ಬೆನ್ನ ಮೇಲೆ ಗುರಾಣಿ ಮಾಡುವುದು ಜಾರುವುದನ್ನೇ. ಹಾಗಾಗಿ ಶಾಲೆಯ ಚೀಲದ ಹಳೆಯ ಪಟ್ಟಿಗಳಿಗೆ ಉಳಿದ ಪಾಲಿಥೀನ್ ಹಲಗೆಯ ಒಂದು ತುಂಡು ಹೊಲಿದು, ಅದಕ್ಕೆ ಮೇಲ್ಮುಖದ ಎರಡು ತುಟಿ ಕತ್ತರಿಸಿದೆ. ಸೇತುವೆಗಳು ಆ ತುಟಿಗೆ ಇಳಿದು ಕೂರುತ್ತವೆ. ಅಯಸ್ಕಾಂತ ಇಲ್ಲದೆಯೇ ಅವನು ಮೆಟ್ಟಿಲು ಇಳಿದು ಹತ್ತಿ ತೋರಿಸಿದ. ಕೂರುವ ಮುನ್ನ ತೆಗೆಯಬೇಕು, ಕುರ್ಚಿಯ ಬೆನ್ನಿಗೆ ಅಂಚು ಬಡಿಯುತ್ತದೆ. ಇದನ್ನು ಅವನು ಎರಡು ಸಲ ಬಡಿದ ಮೇಲೆ ಒಪ್ಪಿದ.

ಬೆಂಗಳೂರಿನ ಕಾಮಿಕ್ ಕಾನ್‌ಗೂ ಇದನ್ನೇ ಒಯ್ಯುತ್ತೇನೆ ಎಂದಾಗ ಮಾತ್ರ ಬೇಡವೆಂದೆ. ಇಂಥ ಸಮ್ಮೇಳನಗಳಲ್ಲಿ ಲೋಹದ ಆಯುಧಸಾಮಗ್ರಿಗೆ ಸಾಮಾನ್ಯವಾಗಿ ಬಾಗಿಲಲ್ಲೇ ತಡೆ. ಗಿಜಿಗುಟ್ಟುವ ಜನರ ನಡುವೆ 2 ಮಿಲಿಮೀಟರ್ ಲೋಹದ ಅಂಚು ಮಕ್ಕಳ ಮುಖದ ಎತ್ತರಕ್ಕೆ ಬರುತ್ತದೆ ಎಂದು ಯೋಚಿಸಿದರೆ ನಿಯಮ ಸರಿಯೇ. ಅಲ್ಲಿಗೆ 10 ಮಿಲಿಮೀಟರ್ ಇ.ವಿ.ಎ. ಫೋಮಿನದು (ರಬ್ಬರಿನಂಥ ಮೆದು ಹಾಳೆ) ಬೇರೆ ಮಾಡಿದೆವು, ಎರಡು ಭಾನುವಾರದ ಕೆಲಸ. ಲೋಹದ್ದು ಫೆಬ್ರವರಿಯಲ್ಲಿ ಕಾಲೇಜಿನ ವಾರ್ಷಿಕೋತ್ಸವದ ವೇದಿಕೆಗೆ ಮಾತ್ರ ಹೋಯಿತು. ಕೈಗಡಿಯಾರ ಕಳಚಿಟ್ಟು, ಸೊಂಟದ ಬೆಲ್ಟಿನ ಬಕಲ್‌ಗೆ ಬಟ್ಟೆ ಸುತ್ತಿ, ನೆಲದ ಮೇಲೆ ಇಡುವುದಾದರೆ ಟವೆಲ್ ಹಾಸಿ ಮುಖ ಮೇಲೆ ಮಾಡಿ ಇಡಬೇಕೆಂದು ಹೇಳಿ ಕಳುಹಿಸಿದೆ. ಅವನ ಗೆಳೆಯನಿಗೆ ಟವೆಲ್ ಹಿಡಿಯುವುದೇ ಕೆಲಸ.

ರಾತ್ರಿ ಹತ್ತಕ್ಕೆ ಬಂದರು. ಮೊದಲು ಊದಿ ಧೂಳು ತೆಗೆದು, ಒಂದು ತೊಟ್ಟು ಶಾಂಪೂ ಹಾಕಿದ ನೀರಿನಲ್ಲಿ ಮೈಕ್ರೊಫೈಬರ್ ಬಟ್ಟೆ ಅದ್ದಿ, ಗೀರುಗಳು ಹೋಗುವ ದಿಕ್ಕಿನಲ್ಲೇ ಒರೆಸಿ, ಬೆನ್ನಿನ ಬೆವರನ್ನು ಎರಡು ಸಲ ಒರೆಸಿ ಒಣಗಿಸಿದೆ. ಸಿಲಿಕೋನ್ ಇಲ್ಲದ ಕಾರ್ನೌಬಾ ಮೇಣವನ್ನು ಅಂಚಿಗೆ ತೆಳುವಾಗಿ ಸವರಿದೆ. ಬೆರಳ ತುದಿಯಲ್ಲಿ ಅಂಚನ್ನು ಸುತ್ತ ಒಂದು ಸಲ ಸವರಿ ನೋಡಿದೆ, ಎಲ್ಲೂ ತಡೆಯಲಿಲ್ಲ. ಕೆಳಗಿನ ಎರಡು ಕೊಕ್ಕೆಗಳ ಮೇಲೆ ಕೂರಿಸಿ ನಕ್ಷತ್ರ ನೆಟ್ಟಗಾಯಿತೆಂದು ನೋಡಿ, ಮೇಲಿನ ನಾಲಿಗೆಗೆ ಕೈ ಚಾಚಿದರೆ ಅದು ಅಲ್ಲಿರಲಿಲ್ಲ. ಸಂಜೆ ಗುರಾಣಿ ಇಳಿಸುವಾಗ ಹುಡುಗ ಅದನ್ನು ಕಾಲೇಜಿನ ಪ್ಯಾಂಟಿನ ಜೇಬಿಗೆ ಹಾಕಿಕೊಂಡಿದ್ದ, ಪ್ಯಾಂಟು ಅಷ್ಟರಲ್ಲಿ ವಾಷಿಂಗ್ ಮೆಷಿನ್ ಸೇರಿತ್ತು. ಸ್ಕ್ರೂ ಡ್ರಮ್ಮಿನಲ್ಲಿ ಕಟಕಟ ಎನ್ನುವ ಸದ್ದು ಅಕ್ಕನಿಗೆ ಮೊದಲು ಕೇಳಿಸಿತು. ನಾಲಿಗೆಗೆ ಏನೂ ಆಗಿರಲಿಲ್ಲ, ಸೋಪಿನ ವಾಸನೆ ಬರುತ್ತಿತ್ತು ಅಷ್ಟೇ.